ಗೃಹಸ್ಥರ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಆಯ್ಕೆ ಕಷ್ಟವಾಗಲಿಲ್ಲ. ನಾನು ಈ ಶಾಲೆಯ ಆರಂಭದ ವರ್ಷಗಳ ವಿದ್ಯಾರ್ಥಿ. ಮುಂದೆ ದೈಹಿಕ ಶಿಕ್ಷಣ ಶಿಕ್ಷಕನಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಪ್ರೌಢಶಾಲೆಗಳಲ್ಲಿಯೇ ಸೇವೆ ಸಲ್ಲಿಸಿ ನಿವೃತ್ತನಾದೆ. ಮಕ್ಕಳಿಗೆ ಆಸನಗಳನ್ನು ಹೇಳಿಕೊಟ್ಟ ಅಷ್ಟೂ ವರ್ಷ ನಾನು ಮನಸ್ಸಿನಲ್ಲಿ ಗುರುವೆಂದು ನಂಬಿಕೊಂಡು ಬಂದವರು ಒಬ್ಬರಿದ್ದಾರೆ. ಅವರನ್ನು ನಾನು ಕಂಡವನಲ್ಲ. ಅವರ ಬರಹ ಮತ್ತು ಅವರ ಶಿಷ್ಯರ ಪುಸ್ತಕಗಳ ಮೂಲಕವಷ್ಟೇ ಬಲ್ಲೆ. ಅವರೇ ತಿರುಮಲೈ ಕೃಷ್ಣಮಾಚಾರ್ಯರು.

ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೀರಿ. ಇಂದು ಜಗತ್ತಿನ ಯಾವ ದೇಶಕ್ಕೆ ಹೋದರೂ ಯೋಗ ಕಲಿಸುವವರಲ್ಲಿ ಬಹಳಷ್ಟು ಮಂದಿ ಈ ಇಬ್ಬರಲ್ಲಿ ಒಬ್ಬರ ಪರಂಪರೆಯವರಾಗಿರುತ್ತಾರೆ. ಇವರಿಬ್ಬರಿಗೂ ಗುರುವಾಗಿದ್ದವರು ಕೃಷ್ಣಮಾಚಾರ್ಯರು. ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿ, ಯೋಗದ ಬಗೆಗಿನ ತಮ್ಮ ಗ್ರಂಥವನ್ನು ಕನ್ನಡದಲ್ಲಿಯೇ ಬರೆದು, ನೂರು ವರ್ಷ ಬಾಳಿದವರು. ಆದರೆ ನಾನು ಅವರನ್ನು ಆರಿಸಿಕೊಂಡದ್ದು ಈ ಕೀರ್ತಿಗಾಗಿ ಅಲ್ಲ. ಯೋಗವು ಕಾವಿ ಉಟ್ಟವರ ಸೊತ್ತಲ್ಲ, ಮೈ ಬಾಗುವ ಹುಡುಗರ ಆಟವೂ ಅಲ್ಲ. ದುಡಿದು ಉಣ್ಣುವ ಗಂಡಸು ಹೆಂಗಸರಿಗೆ, ಅವರವರ ಮೈಗೆ ಒಗ್ಗುವ ಹಾಗೆ ಕೊಡಬೇಕಾದದ್ದು ಎಂಬುದನ್ನು ಅವರ ಬದುಕು ತೋರಿಸುತ್ತದೆ. ಭತ್ತದ ಗದ್ದೆಯಲ್ಲಿ ಬಗ್ಗಿ ಟೊಂಕ ಹಿಡಿಸಿಕೊಂಡವರು, ಪರೀಕ್ಷೆಯ ಭಯಕ್ಕೆ ನಿದ್ದೆಗೆಟ್ಟ ಮಕ್ಕಳು ಇರುವ ನಮ್ಮ ಸೀಮೆಗೆ ಇದು ಬೇಕಾದ ಮಾತು.

ಮುಚುಕುಂದಪುರದಿಂದ ಹಿಮಾಲಯಕ್ಕೆ

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರ ಎಂಬ ಹಳ್ಳಿಯಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ವಿದ್ವಾಂಸರು, ತಾಯಿ ರಂಗನಾಯಕಮ್ಮ. ಶ್ರೀವೈಷ್ಣವ ಮನೆತನ. ಮಗನಿಗೆ ಸಂಸ್ಕೃತವನ್ನೂ ಆಸನ ಪ್ರಾಣಾಯಾಮಗಳ ಮೊದಲ ಪಾಠವನ್ನೂ ತಂದೆಯೇ ಹೇಳಿಕೊಟ್ಟರು. ಹುಡುಗನಿಗೆ ಹತ್ತು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂತು. ಅಲ್ಲಿನ ಪರಕಾಲ ಮಠದಲ್ಲಿ ಅವರ ಮುತ್ತಜ್ಜ ಪೀಠಾಧಿಪತಿಗಳಾಗಿದ್ದರು. ಆ ಆಸರೆಯಲ್ಲಿ ವಿದ್ಯಾಭ್ಯಾಸ ಮುಂದುವರಿಯಿತು.

ಹದಿನೆಂಟರ ವಯಸ್ಸಿನಲ್ಲಿ ಅವರು ಕಾಶಿಗೆ ಹೋದರು. ತರ್ಕ, ವ್ಯಾಕರಣ, ವೇದಾಂತ ಎಂದು ಒಂದಾದ ಮೇಲೊಂದು ಶಾಸ್ತ್ರ ಓದುತ್ತಾ ಹೋದರು. ಮೈಸೂರಿಗೆ ಮರಳಿ ಬಂದು ಮತ್ತೆ ಉತ್ತರಕ್ಕೆ ಹೋದರು. ಆಯುರ್ವೇದವನ್ನೂ ಕಲಿತರು. ಯೋಗವನ್ನು ಪೂರ್ಣವಾಗಿ ಕಲಿಯಬೇಕೆಂಬ ಹಂಬಲ ಅವರನ್ನು ಹಿಮಾಲಯ ದಾಟಿಸಿತು. ಅವರೇ ಹೇಳಿಕೊಂಡಂತೆ, ಮಾನಸ ಸರೋವರದ ಹತ್ತಿರ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳ ಬಳಿ ಏಳೂವರೆ ವರ್ಷ ಇದ್ದು ಕಲಿತರು. ಆ ಗುರುಗಳು ಗುಹೆಯೊಂದರಲ್ಲಿ ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿದ್ದವರು.

ಕಲಿಕೆ ಮುಗಿದಾಗ ಗುರುಗಳು ಕೇಳಿದ ದಕ್ಷಿಣೆ ವಿಚಿತ್ರವಾದದ್ದು. ಹಣವಲ್ಲ, ಸೇವೆಯಲ್ಲ. ಊರಿಗೆ ಹೋಗಿ ಮದುವೆಯಾಗಬೇಕು, ಸಂಸಾರಿಯಾಗಿದ್ದುಕೊಂಡು ಯೋಗ ಕಲಿಸಬೇಕು ಎಂದು ಅಪ್ಪಣೆಯಾಯಿತು. ಅಷ್ಟೊಂದು ಪಾಂಡಿತ್ಯವಿದ್ದ ತರುಣ ಯಾವುದಾದರೂ ಮಠಕ್ಕೋ ಸಂಸ್ಥಾನಕ್ಕೋ ಆಸ್ಥಾನ ವಿದ್ವಾಂಸನಾಗಿ ಸುಖವಾಗಿರಬಹುದಿತ್ತು. ಅವರು ಗುರುವಿನ ಮಾತನ್ನೇ ಹಿಡಿದರು. ಮುಂದಿನ ಅರುವತ್ತಕ್ಕೂ ಹೆಚ್ಚು ವರ್ಷಗಳ ಅವರ ಬದುಕಿಗೆಲ್ಲ ಈ ಒಂದು ತೀರ್ಮಾನವೇ ಬುನಾದಿ.

ಕಾಫಿ ತೋಟದ ಮೇಸ್ತ್ರಿ

1925ರಲ್ಲಿ ನಾಮಗಿರಿಯಮ್ಮನವರೊಂದಿಗೆ ಅವರ ಮದುವೆಯಾಯಿತು. ಈ ತಾಯಿ ಬಿ.ಕೆ.ಎಸ್. ಅಯ್ಯಂಗಾರರ ಅಕ್ಕ. ಯೋಗ ಕಲಿಸಿ ಹೊಟ್ಟೆ ತುಂಬುವ ಕಾಲ ಅದಲ್ಲ. ಯೋಗವೆಂದರೆ ಬೈರಾಗಿಗಳ ಕಸುಬು, ಸಂಸಾರಸ್ಥರಿಗೆ ಸಲ್ಲದ್ದು ಎಂದೇ ಜನ ತಿಳಿದಿದ್ದರು. ಆರು ದರ್ಶನಗಳನ್ನು ಓದಿದ ಪಂಡಿತರು ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಆಳುಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. ಹಗಲು ತೋಟದ ಕೆಲಸ, ಬಿಡುವು ಸಿಕ್ಕಾಗ ಊರೂರಿಗೆ ಹೋಗಿ ಯೋಗದ ಬಗ್ಗೆ ಭಾಷಣ, ಪ್ರಾತ್ಯಕ್ಷಿಕೆ. 1927ರಲ್ಲಿ ಹಾಸನದಲ್ಲಿ ನಡೆದ ಇಂಥ ಒಂದು ಪ್ರಾತ್ಯಕ್ಷಿಕೆಯನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬ ನೋಡಿ ಬೆರಗಾಗಿ, ಮರುದಿನವೇ ಅವರ ಬಳಿ ಹೋಗಿ ಶಿಷ್ಯನಾದ. ಅವರೇ ಪಟ್ಟಾಭಿ ಜೋಯಿಸರು.

ಸರ್ಕಾರಿ ಶಾಲೆಯಲ್ಲಿ ಓದಿದ ನನ್ನಂಥವರಿಗೆ ಈ ಭಾಗ ಬಹಳ ಹತ್ತಿರವಾದದ್ದು. ಕಲಿತ ವಿದ್ಯೆಗೆ ತಕ್ಕ ಕೆಲಸ ಸಿಗದಿದ್ದಾಗ ಅವರು ಸಿಕ್ಕ ಕೆಲಸವನ್ನು ಮರ್ಯಾದೆಯಿಂದಲೇ ಮಾಡಿದರು, ವಿದ್ಯೆಯನ್ನೂ ಬಿಡಲಿಲ್ಲ.

ಅರಮನೆಯ ಯೋಗಶಾಲೆ

ಮೈಸೂರಿನಲ್ಲಿ ಅವರು ಮಾಡಿದ ಉಪನ್ಯಾಸಗಳು ವಿದ್ವಾಂಸರ ಗಮನಕ್ಕೆ ಬಂದವು. ಅಂದಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರೆಗೂ ಅವರ ಹೆಸರು ಮುಟ್ಟಿತು. 1931ರಲ್ಲಿ ಅವರಿಗೆ ಸಂಸ್ಕೃತ ಪಾಠಶಾಲೆಯಲ್ಲಿ ಕಲಿಸುವ ಕೆಲಸ ದೊರೆಯಿತು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿಯೇ ಯೋಗಶಾಲೆ ಆರಂಭವಾಯಿತು. ಅರಸು ಮನೆತನದ ಹುಡುಗರು ಅಲ್ಲಿ ಕಲಿತರು. 1934ರಲ್ಲಿ ಮಹಾರಾಜರ ಪ್ರೋತ್ಸಾಹದಿಂದ ಅವರ ಕನ್ನಡ ಗ್ರಂಥ ಯೋಗ ಮಕರಂದ ಚಿತ್ರಗಳ ಸಮೇತ ಪ್ರಕಟವಾಯಿತು. 1941ರಲ್ಲಿ ಯೋಗಾಸನಗಳು ಎಂಬ ಇನ್ನೊಂದು ಕನ್ನಡ ಪುಸ್ತಕ ಬಂತು. ಯೋಗ ಹೆಣ್ಣುಮಕ್ಕಳಿಗೂ ಸಲ್ಲಬೇಕೆಂದು ಅವರು ಆ ಕಾಲದಲ್ಲಿಯೇ ವಾದಿಸಿದ್ದರು.

1934ರಲ್ಲಿ ನಾಮಗಿರಿಯಮ್ಮನವರ ತಮ್ಮ ಮೈಸೂರಿನ ಮನೆಗೆ ಬಂದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಆ ಹುಡುಗ ಮಲೇರಿಯಾ, ವಿಷಮಜ್ವರ, ಕ್ಷಯಗಳಿಂದ ನಲುಗಿಹೋಗಿದ್ದ. ಭಾವ ಕಲಿಸಿದ ಆಸನಗಳಿಂದ ಮೈಗೆ ಬಲ ಬಂತು. ಮುಂದೆ ಅವರೇ ವಿಶ್ವವಿಖ್ಯಾತ ಬಿ.ಕೆ.ಎಸ್. ಅಯ್ಯಂಗಾರರಾದರು. ಭಾವನವರು ಬಹಳ ಕಠಿಣ ಶಿಸ್ತಿನವರಾಗಿದ್ದರು, ಅವರ ಮುಂದೆ ನಿಲ್ಲಲೂ ಅಂಜಿಕೆಯಾಗುತ್ತಿತ್ತು ಎಂಬುದನ್ನೂ ಅಯ್ಯಂಗಾರರು ಮುಚ್ಚಿಡದೆ ದಾಖಲಿಸಿದ್ದಾರೆ.

ಮಹಾರಾಜರು ಯೋಗಶಾಲೆಯ ತಂಡವನ್ನು ಪ್ರವಾಸಕ್ಕೂ ಕಳಿಸುತ್ತಿದ್ದರು. 1935-36ರ ಸುಮಾರಿನಲ್ಲಿ ಈ ತಂಡ ಚಿತ್ರದುರ್ಗ, ಹರಿಹರ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಪ್ರಾತ್ಯಕ್ಷಿಕೆ ನಡೆಸಿತು. ಕನ್ನಡ ನಾಡು ಹಂಚಿಹೋಗಿದ್ದ ಕಾಲ ಅದು. ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಧಾರವಾಡದಲ್ಲಿ ಹೆಂಗಸರು ತಮಗೂ ಕಲಿಸಬೇಕೆಂದು ಕೇಳಿದಾಗ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದ ಅಯ್ಯಂಗಾರರನ್ನು ಆ ಕೆಲಸಕ್ಕೆ ಹಚ್ಚಿದರು. ಅಯ್ಯಂಗಾರರ ಬೋಧನೆ ಶುರುವಾದದ್ದು ಹೀಗೆ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಂದ. ಬೆಳಗಾವಿಯಲ್ಲಿ ಪ್ರಾತ್ಯಕ್ಷಿಕೆ ನೋಡಿದ್ದ ಸಿವಿಲ್ ಸರ್ಜನ್ ಡಾ. ಗೋಖಲೆಯವರು ನಿವೃತ್ತರಾಗಿ ಪುಣೆಗೆ ಹೋದ ಮೇಲೆ, 1937ರಲ್ಲಿ ಅಯ್ಯಂಗಾರರನ್ನು ಅಲ್ಲಿಗೆ ಕರೆಸಿಕೊಂಡರು.

ಅದೇ 1937ರಲ್ಲಿ ಕೃಷ್ಣಮಾಚಾರ್ಯರ ಬಾಗಿಲಿಗೆ ಒಬ್ಬ ವಿದೇಶಿ ಮಹಿಳೆ ಬಂದರು. ರೀಗಾ ನಗರದಲ್ಲಿ ಹುಟ್ಟಿ ಮುಂದೆ ಇಂದ್ರಾದೇವಿ ಎಂದು ಹೆಸರಾದ ಅವರನ್ನು ಶಿಷ್ಯೆಯಾಗಿ ಸೇರಿಸಿಕೊಳ್ಳಲು ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಬೇಸತ್ತು ಬಿಟ್ಟುಹೋಗಲಿ ಎಂಬಂತೆ ಊಟದಲ್ಲಿ, ದಿನಚರಿಯಲ್ಲಿ ಕಟ್ಟುನಿಟ್ಟಾದ ನಿಯಮ ಹಾಕಿದರು. ಆಕೆ ಬಿಡಲಿಲ್ಲ. ಕೊನೆಗೆ ಗುರುಗಳೇ ಆಕೆಗೆ ಇತರರಿಗೆ ಕಲಿಸುವ ಹೊಣೆ ಒಪ್ಪಿಸಿದರು. ಆಕೆ 1939ರಲ್ಲಿ ಶಾಂಘೈಯಲ್ಲಿಯೂ 1947ರ ನಂತರ ಅಮೆರಿಕದಲ್ಲಿಯೂ ಯೋಗ ಹರಡಿದರು. ಆಚಾರ್ಯರು ತಮ್ಮ ನಿಲುವನ್ನು ಬದಲಿಸಿಕೊಂಡದ್ದಕ್ಕೆ ಇದು ಒಂದು ನಿದರ್ಶನ. ಶಿಷ್ಯರ ನಿಷ್ಠೆ ಗುರುವನ್ನೂ ತಿದ್ದಬಲ್ಲದು.

ಹೃದಯ ನಿಲ್ಲಿಸುವ ವಿದ್ಯೆ

ಜನರನ್ನು ಯೋಗದ ಕಡೆಗೆ ಸೆಳೆಯುವುದಕ್ಕಾಗಿ ಆ ದಿನಗಳಲ್ಲಿ ಅವರು ಕೈಯಿಂದ ಕಾರು ತಡೆಯುವುದು, ಹಲ್ಲಿನಿಂದ ಭಾರ ಎತ್ತುವುದು ಮುಂತಾದ ಸಾಹಸಗಳನ್ನೂ ತೋರಿಸುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. 1935ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಯೋಗಿಗಳನ್ನು ಪರೀಕ್ಷಿಸಲು ಭಾರತಕ್ಕೆ ಬಂದರು. ಆಚಾರ್ಯರನ್ನು ಪರೀಕ್ಷಿಸಿದಾಗ ನಾಡಿ ಸಿಗದಂತಾಯಿತು, ಹೃದಯದ ಯಂತ್ರದ ಗೆರೆಗಳೂ ತೀರ ಸಣ್ಣಗಾದವು. ಹೃದಯ ನಿಂತೇಹೋಯಿತೆಂದು ಸುದ್ದಿಯಾಯಿತು. ಎರಡು ದಶಕದ ನಂತರ ಇನ್ನೊಂದು ತಂಡದ ವಿಜ್ಞಾನಿಗಳು ಇಂಥ ಯೋಗಿಗಳನ್ನು ಮತ್ತೆ ಪರೀಕ್ಷಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಉಸಿರು ಕಟ್ಟಿ ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಕೈಗೆ ಸಿಗುವುದಿಲ್ಲ, ಆದರೆ ಹೃದಯ ಬಡಿಯುತ್ತಲೇ ಇರುತ್ತದೆ ಎಂದು ಅವರು ತೋರಿಸಿದರು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಆಚಾರ್ಯರು ಆ ವಿದ್ಯೆಯ ಬಗ್ಗೆ ತಳೆದ ನಿಲುವು. ಅದರಿಂದ ಸಮಾಜಕ್ಕೆ ಏನೂ ಉಪಯೋಗವಿಲ್ಲ, ಅಹಂಕಾರ ಬೆಳೆಯುತ್ತದಷ್ಟೇ ಎಂದು ಅವರು ಭಾವಿಸಿದ್ದನ್ನು ಅವರ ಮಗ ಬರೆದಿದ್ದಾರೆ. ಜಗತ್ತೇ ಬೆರಗಾದ ವಿದ್ಯೆಯನ್ನು ಬದಿಗಿಟ್ಟು, ರೋಗಿಯ ಉಸಿರನ್ನು ನೇರ್ಪಡಿಸುವ ಸಣ್ಣ ಕೆಲಸವನ್ನು ದೊಡ್ಡದೆಂದು ಹಿಡಿದದ್ದೇ ಅವರ ನಿಜವಾದ ಸಾಧನೆ.

ಅರುವತ್ತು ದಾಟಿದ ಮೇಲೆ ಹೊಸ ಬದುಕು

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ವಿಲೀನವಾದ ಮೇಲೆ ಅರಮನೆಯ ಆಶ್ರಯ ಉಳಿಯಲಿಲ್ಲ. 1950ರಲ್ಲಿ ಯೋಗಶಾಲೆ ಮುಚ್ಚಿತು. ಆಗ ಆಚಾರ್ಯರಿಗೆ ಅರುವತ್ತು ದಾಟಿತ್ತು. ಮೂವರು ಗಂಡು, ಮೂವರು ಹೆಣ್ಣುಮಕ್ಕಳ ಸಂಸಾರ. ನಾವು ನಿವೃತ್ತಿ ವೇತನ ಎಣಿಸುವ ವಯಸ್ಸಿನಲ್ಲಿ ಅವರು ಮೊದಲಿನಿಂದ ಬದುಕು ಕಟ್ಟಬೇಕಾಯಿತು.

1952ರಲ್ಲಿ ಮದ್ರಾಸಿನ ಹೆಸರಾಂತ ನ್ಯಾಯವಾದಿ ಟಿ.ಆರ್. ವೆಂಕಟರಾಮ ಶಾಸ್ತ್ರಿಗಳು ಲಕ್ವ ಹೊಡೆದು ಮಲಗಿದ್ದಾಗ ಅವರ ಚಿಕಿತ್ಸೆಗೆಂದು ಆಚಾರ್ಯರಿಗೆ ಕರೆ ಬಂತು. ಹಾಗೆ ಹೋದವರು ಅಲ್ಲಿಯೇ ನೆಲೆಸಿದರು. ಇಲ್ಲಿ ಅರಮನೆಯಿಲ್ಲ, ಚುರುಕು ಹುಡುಗರ ತಂಡವಿಲ್ಲ. ಬಂದವರೆಲ್ಲ ಬೆನ್ನುನೋವಿನವರು, ಉಬ್ಬಸದವರು, ಸಕ್ಕರೆ ಕಾಯಿಲೆಯವರು, ನಿದ್ದೆ ಬಾರದವರು, ಮಕ್ಕಳು, ಮುದುಕರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಾಡಿ ನೋಡಿ, ಊಟ, ಕೆಲಸ, ನಿದ್ದೆ ಎಲ್ಲ ವಿಚಾರಿಸಿ, ಅವರಿಗಷ್ಟೇ ಹೊಂದುವ ಅಭ್ಯಾಸ ಹೇಳಿಕೊಡುವ ಪದ್ಧತಿ ಇಲ್ಲಿ ಪಕ್ವವಾಯಿತು. ಮೈಸೂರಿನ ಕಠೋರ ಗುರು ಮದ್ರಾಸಿನಲ್ಲಿ ಮೆತ್ತಗಾದರು ಎಂದು ಅವರನ್ನು ಬಲ್ಲವರು ಹೇಳುತ್ತಾರೆ.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಹುಟ್ಟಿದ್ದು 1938ರಲ್ಲಿ. ಓದಿದ್ದು ಸಿವಿಲ್ ಇಂಜಿನಿಯರಿಂಗ್. ತಂದೆಯ ವಿದ್ಯೆಯಲ್ಲಿ ಅವರಿಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. 1960ರ ದಶಕದ ಆರಂಭದ ಒಂದು ಬೆಳಿಗ್ಗೆ ನ್ಯೂಜಿಲೆಂಡಿನ ಮಹಿಳೆಯೊಬ್ಬರು ಕಾರಿನಿಂದ ಇಳಿದು ಬಂದು, ಬರಿಮೈಯಲ್ಲಿದ್ದ ಮುದಿ ಆಚಾರ್ಯರನ್ನು ಬೀದಿಯಲ್ಲಿಯೇ ಅಪ್ಪಿಕೊಂಡು ಕೃತಜ್ಞತೆ ಹೇಳಿದ್ದನ್ನು ಮಗ ನೋಡಿದರು. ಆ ಮಡಿವಂತ ಮನೆಯಲ್ಲಿ ಇದು ಊಹೆಗೂ ಮೀರಿದ ಸಂಗತಿ. ವಿಚಾರಿಸಿದಾಗ ತಿಳಿಯಿತು: ಎಷ್ಟೋ ವರ್ಷಗಳ ನಂತರ ಆ ಮಹಿಳೆ ಹಿಂದಿನ ರಾತ್ರಿ ಮಾತ್ರೆ ಇಲ್ಲದೆ ನಿದ್ದೆ ಮಾಡಿದ್ದರು. ಇಂಗ್ಲಿಷ್ ಹೆಚ್ಚು ಬಾರದ ತಂದೆ ಇದನ್ನು ಸಾಧಿಸಿದ್ದು ಹೇಗೆಂದು ಯೋಚಿಸಿದ ದೇಶಿಕಾಚಾರ್ ಇಂಜಿನಿಯರ್ ಕೆಲಸ ಬಿಟ್ಟು ತಂದೆಯ ಶಿಷ್ಯರಾದರು. 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಆಚಾರ್ಯರು ಬಿದ್ದು ಸೊಂಟದ ಎಲುಬು ಮುರಿಯಿತು. ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸವನ್ನು ತಮಗೆ ತಾವೇ ರೂಪಿಸಿಕೊಂಡರು, ಪಾಠ ಹೇಳುವುದನ್ನೂ ನಿಲ್ಲಿಸಲಿಲ್ಲ. ನೂರು ತುಂಬಿದ ಸಂಭ್ರಮವನ್ನು ಶಿಷ್ಯರು ಆಚರಿಸಿದ ಮೇಲೆ, 1989ರ ಫೆಬ್ರವರಿ 28ರಂದು ಅವರು ತೀರಿಕೊಂಡರು.

ಅವರು ಬಿಟ್ಟುಹೋದ ಪಾಠ

ಅವರ ಬೋಧನೆಯನ್ನು ನನಗೆ ತಿಳಿದ ಮಟ್ಟಿಗೆ ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು ಉಸಿರು. ಮೈ ಚಲಿಸುವುದು ಉಸಿರಿನ ಜೊತೆಯಲ್ಲಿರಬೇಕು. ಕೈ ಎತ್ತುವಾಗ, ಎದೆ ಅರಳಿಸುವಾಗ ಉಸಿರು ಒಳಕ್ಕೆ. ಬಗ್ಗುವಾಗ, ಹೊಟ್ಟೆ ಒತ್ತುವಾಗ ಹೊರಕ್ಕೆ. ಉಸಿರು ಏದುಸಿರಾದರೆ ಆಸನ ಅತಿಯಾಯಿತೆಂದು ತಿಳಿಯಬೇಕು.

ಎರಡನೆಯದು ಕ್ರಮ. ಒಮ್ಮೆಲೇ ಕಷ್ಟದ ಆಸನಕ್ಕೆ ಹೋಗದೆ ಮೆಟ್ಟಿಲು ಮೆಟ್ಟಿಲಾಗಿ ಮೈಯನ್ನು ಸಜ್ಜುಗೊಳಿಸಬೇಕು. ಒಂದು ಕಡೆ ಬಾಗಿದ ಮೇಲೆ ಅದಕ್ಕೆ ಎದುರಾದ ಹಗುರ ಚಲನೆಯಿಂದ ಬಿಗಿತ ಬಿಡಿಸಬೇಕು. ಇದನ್ನು ಅವರ ಪರಂಪರೆಯಲ್ಲಿ ಪ್ರತಿಕ್ರಿಯೆ ಎನ್ನುತ್ತಾರೆ.

ಮೂರನೆಯದು ವಯಸ್ಸು ಮತ್ತು ವೃತ್ತಿ. ಬೆಳೆಯುವ ಮಕ್ಕಳಿಗೆ ಚುರುಕಿನ ಆಸನ, ಸಂಸಾರದ ಭಾರ ಹೊತ್ತ ನಡುವಯಸ್ಸಿನವರಿಗೆ ಆರೋಗ್ಯ ಕಾಯುವ ಮಿತವಾದ ಅಭ್ಯಾಸ ಮತ್ತು ಪ್ರಾಣಾಯಾಮ, ಮುದುಕರಿಗೆ ಹೆಚ್ಚಾಗಿ ಧ್ಯಾನ, ಪ್ರಾರ್ಥನೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಲಾಗದು.

ನಾಲ್ಕನೆಯದು ಮನಸ್ಸು. ಅವರು ನಿಷ್ಠಾವಂತ ಶ್ರೀವೈಷ್ಣವರು, ಆದರೆ ತಮ್ಮ ದೇವರನ್ನು ಶಿಷ್ಯರ ಮೇಲೆ ಹೇರಲಿಲ್ಲ. ಧ್ಯಾನಕ್ಕೆ ಕುಳಿತಾಗ ದೇವರನ್ನು ನೆನೆಯಬಹುದು, ಅದಾಗದಿದ್ದರೆ ಸೂರ್ಯನನ್ನು, ಅದೂ ಆಗದಿದ್ದರೆ ಹೆತ್ತವರನ್ನು ನೆನೆಯಬಹುದೆಂಬುದು ಅವರ ಬೋಧನೆಯಾಗಿತ್ತು. ಎಲ್ಲ ಜಾತಿ ಧರ್ಮದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಸರ್ಕಾರಿ ಶಾಲೆಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ನಮ್ಮ ಸೀಮೆಯಲ್ಲಿ ಈ ಪಾಠ

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಕಣಜದ ಹಿಂದೆ ಇರುವುದು ಬಗ್ಗಿದ ಬೆನ್ನುಗಳು. ನಾಟಿಯ ಕಾಲದಲ್ಲಿ ನಮ್ಮ ಅಕ್ಕ ತಂಗಿಯರು ಕೆಸರಿನಲ್ಲಿ ಕಾಲಿಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ಮುಂದಕ್ಕೆ ಬಗ್ಗಿಯೇ ಇರುತ್ತಾರೆ. ಮಸ್ಕಿ, ಲಿಂಗಸುಗೂರು ಕಡೆ ಹತ್ತಿ ಬಿಡಿಸುವವರ ಗತಿಯೂ ಅದೇ. ಅಕ್ಕಿ ಗಿರಣಿಯ ಹಮಾಲರಿಗೆ ಕುತ್ತಿಗೆ ನೋವು, ದಿನವಿಡೀ ಟ್ರ್ಯಾಕ್ಟರ್ ಓಡಿಸುವವರಿಗೆ ಟೊಂಕ ನೋವು. ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯಲ್ಲಿ ದುಡಿಯುವವರಿಗೆ ನಿದ್ದೆಯ ಹೊತ್ತೇ ಕೆಟ್ಟಿರುತ್ತದೆ. ನಮಗೆ ದುಡಿಮೆಯೇ ವ್ಯಾಯಾಮ, ಯೋಗ ಏಕೆ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ದುಡಿಮೆ ಮೈಯನ್ನು ಒಂದೇ ಕಡೆಗೆ ಎಳೆಯುತ್ತದೆ. ಮುಂದಕ್ಕೆ ಬಗ್ಗಿ ದುಡಿದ ಬೆನ್ನಿಗೆ ಮತ್ತೆ ಕಾಲ್ಬೆರಳು ಮುಟ್ಟಿಸುವ ಆಸನ ಬೇಕಿಲ್ಲ. ಹಗುರವಾಗಿ ಎದೆ ಅರಳಿಸಿ ಬೆನ್ನು ನೇರ ಮಾಡುವ ಪ್ರತಿಕ್ರಿಯೆ ಬೇಕು. ಆಚಾರ್ಯರ ಪಾಠ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ನಾನು ಸೇವೆಯಲ್ಲಿದ್ದಾಗ ಒಂದು ಶಾಲೆಯ ಬಿಸಿಯೂಟದ ಅಡುಗೆಯ ತಾಯಿಯೊಬ್ಬರಿಗೆ ಮೊಣಕಾಲು ನೋವಿನಿಂದ ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ಯೋಗ ತನಗಲ್ಲ ಎಂದು ದೂರವೇ ನಿಲ್ಲುತ್ತಿದ್ದರು. ಅವರಿಗೆ ಕುರ್ಚಿಯ ಮೇಲೆ ಕುಳಿತೇ ಕೈ ಎತ್ತಿಳಿಸುವುದು, ಕಾಲು ನೀಡಿ ಮಡಿಸುವುದು, ಉಸಿರಾಟ ಇಷ್ಟನ್ನೇ ಹೇಳಿಕೊಟ್ಟೆ. ಮೊಣಕಾಲು ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಆದರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ತಪ್ಪಿತು ಎಂದು ಅವರೇ ಬಂದು ಹೇಳಿದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಎಚ್ಚರವಾಗಿ ಬೆವರುತ್ತಿದ್ದ ಹುಡುಗರಿಗೆ ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಬಿಡುವ ಅಭ್ಯಾಸ ಕೊಟ್ಟಿದ್ದೇನೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುವುದು ಶರೀರದ ಸಹಜ ಧರ್ಮ. ಬಿಡುವ ಉಸಿರು ಉದ್ದವಾದಷ್ಟೂ ಮೈ ಮನಸ್ಸು ತಣಿಯುತ್ತವೆ.

ಹದಿನೈದು ನಿಮಿಷದ ಅಭ್ಯಾಸ

ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಚಾಪೆಯ ಮೇಲೋ ಜಮಖಾನದ ಮೇಲೋ ಮಾಡಬಹುದಾದ ಸರಳ ಕ್ರಮವಿದು. ಆಚಾರ್ಯರ ಪರಂಪರೆಯಲ್ಲಿ ಬಳಕೆಯಲ್ಲಿರುವ ಚಲನೆಗಳೇ ಇವು.

1. ಕಾಲುಗಳ ನಡುವೆ ಸ್ವಲ್ಪ ಅಂತರವಿಟ್ಟು ನಿಂತು, ಉಸಿರು ಒಳಗೆ ತೆಗೆದುಕೊಳ್ಳುತ್ತಾ ಎರಡೂ ಕೈಗಳನ್ನು ಮುಂದಿನಿಂದ ಮೇಲಕ್ಕೆತ್ತಿ, ಬಿಡುತ್ತಾ ಇಳಿಸಿರಿ. 6 ಬಾರಿ.

2. ಅಂಗೈ, ಮೊಣಕಾಲುಗಳನ್ನು ನೆಲಕ್ಕೂರಿ, ಉಸಿರು ತೆಗೆದುಕೊಳ್ಳುತ್ತಾ ಎದೆಯನ್ನು ಮುಂದಕ್ಕೆ ಅರಳಿಸಿರಿ. ಬಿಡುತ್ತಾ ಹೊಟ್ಟೆಯನ್ನು ಒಳಗೆಳೆದುಕೊಂಡು ಸೊಂಟವನ್ನು ಹಿಮ್ಮಡಿಯ ಕಡೆಗೆ ತನ್ನಿರಿ. 6 ಬಾರಿ.

3. ಅಂಗಾತ ಮಲಗಿ ಎರಡೂ ಮೊಣಕಾಲುಗಳನ್ನು ಕೈಯಿಂದ ಹಿಡಿದು, ಉಸಿರು ಬಿಡುತ್ತಾ ಹೊಟ್ಟೆಯ ಕಡೆಗೆ ತಂದು, ತೆಗೆದುಕೊಳ್ಳುತ್ತಾ ದೂರ ಬಿಡಿರಿ. 6ರಿಂದ 8 ಬಾರಿ. ಆಮೇಲೆ ಕಾಲು ಚಾಚಿ ಎರಡು ನಿಮಿಷ ಸುಮ್ಮನೆ ಮಲಗಿರಿ.

4. ನೆಟ್ಟಗೆ ಕುಳಿತು, ಮನಸ್ಸಿನಲ್ಲಿ 4 ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, 6 ಅಥವಾ 8 ಎಣಿಸುವಷ್ಟು ಹೊತ್ತು ಬಿಡಿರಿ. 12 ಬಾರಿ. ಉಸಿರು ಕಟ್ಟಬೇಡಿ.

5. ಕಣ್ಣು ಮುಚ್ಚಿ ಐದು ನಿಮಿಷ ನಿಮಗೆ ಪ್ರಿಯವಾದ ಒಂದೇ ವಿಷಯದ ಮೇಲೆ ಮನಸ್ಸು ನಿಲ್ಲಿಸಿರಿ. ಮನಸ್ಸು ಓಡಿಹೋದರೆ ಬೈದುಕೊಳ್ಳದೆ ಮತ್ತೆ ಕರೆತನ್ನಿರಿ. ಓಡಿದ ದನವನ್ನು ಹಗ್ಗ ಹಿಡಿದು ತಂದು ಗೂಟಕ್ಕೆ ಕಟ್ಟಿದ ಹಾಗೆ.

ರಕ್ತದೊತ್ತಡ, ಹೃದ್ರೋಗ ಇರುವವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು. ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿ ಶೀರ್ಷಾಸನಕ್ಕೆ ಕೈಹಾಕಬಾರದು.

ಇನ್ನೊಂದು ಮಾತನ್ನೂ ಹೇಳಬೇಕು. ಯೋಗದಿಂದ ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ಬರುವುದಿಲ್ಲ, ಸಾಲ ತೀರುವುದಿಲ್ಲ, ಬೆಳೆಯ ದರ ಏರುವುದಿಲ್ಲ. ಆದರೆ ಆ ಕಷ್ಟಗಳ ನಡುವೆ ದುಡುಕಿನ ನಿರ್ಧಾರಕ್ಕೆ ಹೋಗದಂತೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ ನಿತ್ಯದ ಅಭ್ಯಾಸಕ್ಕಿದೆ. ಮನಸ್ಸಿನ ಭಾರ ತಡೆಯಲಾಗದಷ್ಟಾದರೆ ಮನೆಯವರೊಡನೆ, ವೈದ್ಯರೊಡನೆ ಮಾತಾಡಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಮ್ಮ ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅಶೋಕ ಎಂಬ ಹೆಸರೇ ಅದರಲ್ಲಿ ಸಿಕ್ಕಿದ್ದರಿಂದ ಲೋಕಪ್ರಸಿದ್ಧವಾಯಿತು. ಆ ಶಾಸನದ ತಾತ್ಪರ್ಯವನ್ನು ನಮ್ಮ ಮಕ್ಕಳು ತಿಳಿದಿರಬೇಕು. ಉನ್ನತವಾದದ್ದನ್ನು ದೊಡ್ಡವರಷ್ಟೇ ಸಾಧಿಸುತ್ತಾರೆಂದು ತಿಳಿಯಬಾರದು, ಶ್ರದ್ಧೆಯಿದ್ದರೆ ಸಣ್ಣವನೂ ಸಾಧಿಸಬಲ್ಲ ಎಂಬುದು ಅದರ ಸಾರ. ಚಿತ್ರದುರ್ಗದ ಹಳ್ಳಿಯಲ್ಲಿ ತಂದೆಯಿಲ್ಲದೆ ಬೆಳೆದು, ಕಾಫಿ ತೋಟದಲ್ಲಿ ದುಡಿದು, ಅರಮನೆ ಕಂಡು, ಅದನ್ನು ಕಳೆದುಕೊಂಡು, ಕೊನೆಯವರೆಗೂ ಒಬ್ಬೊಬ್ಬ ರೋಗಿಯ ಮುಂದೆ ಕುಳಿತು ಉಸಿರಿನ ಪಾಠ ಹೇಳಿದ ಕೃಷ್ಣಮಾಚಾರ್ಯರ ಬದುಕು ಈ ಮಾತಿಗೆ ಸಾಕ್ಷಿ.

ಐವತ್ತು ವರ್ಷ ನಮ್ಮ ಶಾಲೆ ಈ ಸೀಮೆಯ ಮಕ್ಕಳಿಗೆ ಅಕ್ಷರ ಕೊಟ್ಟಿದೆ. ಮುಂದಿನ ವರ್ಷಗಳಲ್ಲಿ ಪ್ರಾರ್ಥನೆಯ ನಂತರ ದಿನಕ್ಕೆ ಹತ್ತು ನಿಮಿಷ ಉಸಿರಿನ ಅಭ್ಯಾಸವನ್ನೂ ಪಾಠದಂತೆಯೇ ನಡೆಸಲಿ ಎಂಬುದು ಹಳೆಯ ವಿದ್ಯಾರ್ಥಿಯಾಗಿ ನನ್ನ ಬಿನ್ನಹ. ಕಲಿತ ಮಕ್ಕಳು ಅದನ್ನು ಮನೆಗೆ ಒಯ್ದು, ನಾಟಿ ಮುಗಿಸಿ ಬಂದ ಅವ್ವನಿಗೆ, ಗಿರಣಿಯಿಂದ ಬಂದ ಅಪ್ಪನಿಗೆ ಹೇಳಿಕೊಡಲಿ. ಊರಿನವರು, ಹಳೆಯ ವಿದ್ಯಾರ್ಥಿಗಳು ಕೈಜೋಡಿಸಿದರೆ ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಮೈದಾನವಿದೆ, ಬೇವಿನ ಮರದ ನೆರಳಿದೆ, ಎಲ್ಲರ ಮೂಗಿನಲ್ಲಿ ಉಸಿರಿದೆ.